‘ಮುಚ್ಚಿತು’ ಎಂಬ ಉತ್ತರಕ್ಕೆ ಕಾಯುತ್ತಿದ್ದವರು

ಅಥವಾ ದೀಪ ಕೆಂಪಗೇ ಇತ್ತೋ ಏನೋ. ನಾನು ಓಡಿ ಹೋಗಿ ನೋಡಿದಾಗ ಅದು ಕೆಂಪಗಿತ್ತು, ಅಷ್ಟನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಆದರೆ ಬಟನ್ ಒತ್ತಿದ ರಾವಸಾಬ ತಾನು ಒತ್ತುವಾಗ ಹಸಿರಿತ್ತು ಅಂದ, ಕೊನೆಯವರೆಗೂ ಅದನ್ನೇ ಅಂದ. ನಾವಿಬ್ಬರೂ ಸುಳ್ಳು ಹೇಳಲಿಲ್ಲ. ಇಬ್ಬರ ಮಾತೂ ನಿಜವಾಗಿದ್ದರೆ ಗುಂಡಿಯೊಳಗಿದ್ದ ಮನುಷ್ಯನ ಕಾಲು ಹೋದದ್ದು ಹೇಗೆ ಎಂಬುದು ಆ ಕಾರ್ಖಾನೆಯಲ್ಲಿ ಇಬ್ಬರಿಗೆ ಮಾತ್ರ ಅರ್ಥವಾಗಿತ್ತು. ಒಬ್ಬ ನಾನು. ಇನ್ನೊಬ್ಬರು ಹೋದ ತಿಂಗಳು ಅಥಣಿಯಲ್ಲಿ ತೀರಿಕೊಂಡರು.

ಅವರ ಹೆಸರು ಬರೆಯುವುದಿಲ್ಲ. ಅದನ್ನು ಒಮ್ಮೆ ಒಂದು ವಿಚಾರಣೆಯ ಕಾಗದದಲ್ಲಿ ಬರೆದದ್ದಾಗಿದೆ, ಪಕ್ಕದಲ್ಲಿ ‘ತಪ್ಪು ಒಪ್ಪಿದ್ದಾರೆ’ ಎಂಬ ಮಾತೂ ಇದೆ. ಅಷ್ಟು ಸಾಕು. ಕೆಲಸಗಾರರು ಅವರನ್ನು ಮಾಸ್ತರ ಎನ್ನುತ್ತಿದ್ದರು. ಹಿಂದೆ ಚಿಕ್ಕೋಡಿಯಲ್ಲಿ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದರಂತೆ, ಅದರಿಂದ. ನಾನು ಸರ್ ಎನ್ನುತ್ತಿದ್ದೆ. ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಆಗ ನನಗೆ ಮೂವತ್ತು ದಾಟಿತ್ತು, ಎರಡು ಮಕ್ಕಳಿದ್ದವು. ಆದರೂ ತಮ್ಮಾ.

ತೊಂಬತ್ತರ ದಶಕದ ನಡುಭಾಗ. ಕೃಷ್ಣೆಯ ದಂಡೆಯ ಮೇಲಿನ ಒಂದು ಸಕ್ಕರೆ ಕಾರ್ಖಾನೆ. ಅದು ಈಗಿಲ್ಲ. ಶೆಡ್ಡು ಬಿಚ್ಚಿದರು, ತಗಡನ್ನು ನಿಪ್ಪಾಣಿ ಕಡೆಯ ಯಾರೋ ಲಾರಿಗೆ ಹೇರಿಕೊಂಡು ಹೋದರು. ಹೋಗಿ ನೋಡಿ ನೆನಪನ್ನು ಸರಿಮಾಡಿಕೊಳ್ಳೋಣವೆಂದರೆ ಅಲ್ಲಿ ಈಗ ಜಾಲಿ ಬೆಳೆದಿದೆ. ಹೀಗಾಗಿ ಕಂಪ್ಯೂಟರ್ ಖೋಲಿ ಮಿಲ್‌ಹೌಸಿನ ಎಡಕ್ಕಿತ್ತೋ ಬಲಕ್ಕಿತ್ತೋ ಎಂಬುದನ್ನೂ ನಾನು ಖಚಿತವಾಗಿ ಹೇಳಲಾರೆ. ಆ ದಿನ ಮಾಸ್ತರರು ಓಡಿದ್ದನ್ನು ನೆನೆಸಿಕೊಂಡಾಗ ಒಮ್ಮೆ ಎಡಕ್ಕೆ ಓಡುತ್ತಾರೆ, ಒಮ್ಮೆ ಬಲಕ್ಕೆ.

ಇದರಲ್ಲಿ ಖಚಿತವಾದದ್ದೆಂದರೆ ಅವರು ಬಾಗಿಲಲ್ಲಿ ನಿಲ್ಲುತ್ತಿದ್ದ ರೀತಿ. ನಮ್ಮ ಕಡೆ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನ್ರಿ’ ಎನ್ನುತ್ತಾರೆ. ಕೂತವರು ‘ಹೂಂ, ಬರ್ರಿ’ ಎನ್ನಬೇಕು. ಎಲ್ಲರೂ ಇದನ್ನು ಹೇಳುತ್ತಲೇ ಚಪ್ಪಲಿ ಮೆಟ್ಟಿ ಅಂಗಳ ದಾಟಿರುತ್ತಾರೆ. ಅವರು ಮಾತ್ರ ಆ ‘ಹೂಂ, ಬರ್ರಿ’ ಕಿವಿಗೆ ಬೀಳುವವರೆಗೆ ಹೊಸ್ತಿಲು ಬಿಡುತ್ತಿರಲಿಲ್ಲ. ಒಮ್ಮೆ ಮ್ಯಾನೇಜರ್ ಸಾಹೇಬರು ಕಾಗದದಲ್ಲಿ ಮುಳುಗಿದ್ದರು. ಇವರು ‘ಬರ್ತೀನ್ರಿ’ ಅಂದು ನಿಂತರು. ನಿಂತೇ ಇದ್ದರು. ಸಾಹೇಬರು ತಲೆ ಎತ್ತಿ, “ಇನ್ನೇನೈತ್ರಿ ಮಾಸ್ತರ?” ಅಂದರು.

“ಏನಿಲ್ರಿ. ಬರ್ತೀನಿ ಅಂದಿದ್ನಿ.”

“ಅಂದ್ರ ಬರ್ರೆಲ್ಲ ಮತ್ತ. ಹಿಡ್ಕೊಂಡವ್ರು ಯಾರು ನಿಮ್ಮನ್ನ?”

“ನೀವ ಅನ್ಬೇಕಲ್ರಿ.”

ಫೋನಿನಲ್ಲೂ ಅಷ್ಟೇ. ಆಚೆಯವರು ಇಡುವ ಸದ್ದು ಕೇಳಿಸದೆ ತಾವು ಇಡುತ್ತಿರಲಿಲ್ಲ. “ನಿಮ್ಮಂಥಾವ್ರು ಇಬ್ಬರು ಮಾತಾಡಿದ್ರ ಟೆಲಿಫೋನ್‌ದವ್ರು ಊರ ಬಿಟ್ಟ ಹೋಗ್ಬೇಕಾಕ್ಕೈತಿ,” ಎಂದು ನಾನು ಚೇಷ್ಟೆ ಮಾಡಿದ್ದೆ. ಅವರು ನಗಲಿಲ್ಲ. “ಹೇಳಿದ್ದು ಬ್ಯಾರೆ ತಮ್ಮಾ, ಮುಟ್ಟಿದ್ದು ಬ್ಯಾರೆ,” ಅಂದರು. ಇದು ಅವರ ಮಾತು. ದಿನಕ್ಕೆ ಎರಡು ಸಲವಾದರೂ ಬರುತ್ತಿತ್ತು.

ಕಾರ್ಖಾನೆಯಲ್ಲಿ ನಮ್ಮಿಬ್ಬರ ಕೆಲಸವೂ ಇದೇ ಆಗಿತ್ತು. ಹೇಳಿದ್ದನ್ನು ಮುಟ್ಟಿಸುವುದು.

ಕಬ್ಬನ್ನು ಗಾಣದವರೆಗೆ ಒಯ್ಯುವ ಉಕ್ಕಿನ ಪಟ್ಟಿಯನ್ನು ಕ್ಯಾರಿಯರ್ ಎನ್ನುತ್ತಿದ್ದೆವು. ಅದರ ತುದಿಗೆ ಕಬ್ಬು ಕತ್ತರಿಸುವ ಬ್ಲೇಡುಗಳು, ಕೆಳಗೆ ಒಂದು ಗುಂಡಿ. ಕಬ್ಬು ಸಿಕ್ಕಿಕೊಂಡರೆ ಪಟ್ಟಿ ನಿಲ್ಲಿಸಿ, ಏಣಿಯಿಂದ ಗುಂಡಿಗೆ ಇಳಿದು ಕೈಯಿಂದ ಎಳೆದು ತೆಗೆಯಬೇಕು. ಆಮೇಲೆ ಮೇಲಿನ ಕ್ಯಾಬಿನ್ನಿನಲ್ಲಿ ಕೂತ ರಾವಸಾಬನಂಥವರು ಬಟನ್ ಒತ್ತಿ ಪಟ್ಟಿ ಶುರು ಮಾಡುತ್ತಿದ್ದರು. ಒಳಗೆ ಯಾರಾದರೂ ಇದ್ದಾರೋ ಎಂದು ತಿಳಿಯಲು ಮೊದಲಿನಿಂದ ಒಂದು ಪದ್ಧತಿಯಿತ್ತು. ಇಳಿಯುವವನು ತನ್ನ ಚಪ್ಪಲಿಯನ್ನು ಏಣಿಯ ತಲೆಗೆ ಬಿಟ್ಟು ಇಳಿಯಬೇಕು. ಕ್ಯಾಬಿನ್ನಿನ ಕಿಟಕಿಯಿಂದ ಏಣಿ ಕಾಣುತ್ತಿತ್ತು. ಚಪ್ಪಲಿ ಇದ್ದರೆ ಬಟನ್ ಮುಟ್ಟುವಂತಿಲ್ಲ. ಇದನ್ನು ಯಾವ ಸಾಹೇಬನೂ ಬರೆದಿಟ್ಟಿರಲಿಲ್ಲ. ಬರಿಗಾಲಲ್ಲಿ ಉಕ್ಕಿನ ಮೇಲೆ ನಿಂತರೆ ಜಾರುವುದಿಲ್ಲ ಎಂದು ಬಿಟ್ಟಿರಬೇಕು, ಅದೇ ಗುರುತಾಗಿ ಉಳಿಯಿತು.

ಆಮೇಲೆ ಕಂಪ್ಯೂಟರ್ ಬಂತು. ಏಣಿಯ ಪಕ್ಕ ಒಂದು ಕೀಲಿಮಣೆ, ಕ್ಯಾಬಿನ್ನಿನಲ್ಲಿ ಒಂದು ದೀಪ. ಇಳಿಯುವವನು ಒಂದು ಕೀಲಿ ಒತ್ತಿ ಇಳಿಯಬೇಕು, ಬಂದ ಮೇಲೆ ಇನ್ನೊಂದು. ಒಳಗೆ ಒಬ್ಬನಿದ್ದರೂ ದೀಪ ಕೆಂಪು, ಯಾರೂ ಇಲ್ಲದಿದ್ದರೆ ಹಸಿರು. ಮಾಸ್ತರರು ಇದನ್ನು ಎರಡು ಪ್ರೋಗ್ರಾಮುಗಳಾಗಿ ಮಾಡಿದ್ದರು. ಒಂದು ಏಣಿಯ ಮಾತು ಕೇಳುವುದು, ಇನ್ನೊಂದು ದೀಪ ನೋಡಿಕೊಳ್ಳುವುದು. ಎರಡೂ ಒಂದೇ ಯಂತ್ರದೊಳಗಿದ್ದರೂ ಒಂದರ ಮನಸ್ಸಿನಲ್ಲಿರುವುದು ಇನ್ನೊಂದಕ್ಕೆ ತಿಳಿಯುವುದಿಲ್ಲ. ಒಂದೇ ಮನೆಯ ಎರಡು ಖೋಲಿಯ ಜನರಂತೆ ಸಂದೇಶ ಕಳಿಸಿಯೇ ತಿಳಿಸಬೇಕು. ಅದಕ್ಕೆ ನಡುವೆ ಒಂದು ಕೊಂಡಿ. ಕೊಂಡಿ ತೆರೆಯುವುದು, ಸಂದೇಶ ಕಳಿಸುವುದು, ಮುಚ್ಚುವುದು ಇವಕ್ಕೆಲ್ಲ ಬೇಕಾದ ಬರವಣಿಗೆಯನ್ನು ಅವರು ಒಂದು ಕಡೆ ಕೂಡಿಸಿಟ್ಟಿದ್ದರು. ಲೈಬ್ರರಿ ಎನ್ನುತ್ತಿದ್ದೆವು. ಬೇಕಾದಾಗ ಅದರಿಂದ ಕರೆದುಕೊಂಡರಾಯಿತು.

ಪಾಳಿ ಬದಲಾದಾಗ ಹಳೆಯ ಪಾಳಿಯ ಕೊಂಡಿ ಮುಚ್ಚಿ, ಹೊಸ ಪಾಳಿಯ ಹೆಸರಿನಲ್ಲಿ ಇನ್ನೊಂದನ್ನು ತೆರೆಯಬೇಕಿತ್ತು. ಯಾವ ಪಾಳಿಯಲ್ಲಿ ಯಾರು ಇಳಿದರು ಎಂಬುದು ಬೇರೆ ಬೇರೆ ಉಳಿಯಲಿ ಎಂದು.

ಅವರು ಮೊದಲು ಬರೆದ ಮುಚ್ಚುವಿಕೆ ಅವರ ಹಾಗೆಯೇ ಇತ್ತು. ‘ಬರ್ತೀನ್ರಿ’ ಅಂದು ಹೊಸ್ತಿಲಲ್ಲಿ ನಿಲ್ಲುತ್ತಿತ್ತು. ಕೊಂಡಿಯಲ್ಲಿದ್ದ ಕೊನೆಯ ಸಂದೇಶವೂ ಆಚೆ ಮುಟ್ಟಿ, ಆಚೆಯಿಂದ ‘ಹೂಂ’ ಬರುವವರೆಗೆ ಪ್ರೋಗ್ರಾಮು ಅಲ್ಲಾಡುತ್ತಿರಲಿಲ್ಲ. ಅಷ್ಟು ಹೊತ್ತು ಏಣಿಯ ಕೀಲಿಮಣೆ ಸತ್ತಂತೆ. ಒಮ್ಮೊಮ್ಮೆ ಒಂದು ನಿಮಿಷ, ಒಮ್ಮೊಮ್ಮೆ ಇನ್ನೂ ಹೆಚ್ಚು. ಪಾಳಿಯ ಭೋಂಗಾ, ಅಂದರೆ ಸೈರನ್, ಕೂಗಿದ ಗಡಿಬಿಡಿಯಲ್ಲಿ ಜನ ಕೀಲಿ ಕುಟ್ಟಿ ಕುಟ್ಟಿ ಬಯ್ಯುತ್ತಿದ್ದರು.

“ಮಾಸ್ತರ, ನಿಮ್ಮ ಮಿಷನ್ ಭೋಂಗಾ ಆದ ಕೂಡ್ಲೆ ನಮಾಜಿಗೆ ಕುಂದರತೈತೇನ್ರಿ?” ಎಂದು ದಸ್ತಗೀರ ಕೇಳುತ್ತಿದ್ದ. ದಿಗ್ಗೇವಾಡಿಯವನು, ಗುಂಡಿಗೆ ಇಳಿಯುವವರಲ್ಲಿ ಎಲ್ಲರಿಗಿಂತ ಹಳಬ. “ನಾನರ ಐದ ಸಲ. ಅದು ಮೂರ ಸಲ. ಅಷ್ಟರ ಕಡಿಮಿ ಐತಿ.”

ಕೊನೆಗೆ ಮೇಲಿನಿಂದ ಆಜ್ಞೆ ಬಂತು. ಕಾಯುವುದನ್ನು ತೆಗೆಯಿರಿ.

ಅವರು ಎರಡು ದಿನ ಏನೂ ಮಾಡಲಿಲ್ಲ. ಮೂರನೆಯ ದಿನ ನನ್ನನ್ನು ಕೂರಿಸಿಕೊಂಡು ಕಾಗದದ ಮೇಲೆ ಚಿತ್ರ ಬರೆದರು. ಕಾಯದೆ ಮುಚ್ಚುವುದಕ್ಕೂ ಒಂದು ದಾರಿ ಇದೆ, ಅಂದರು. ‘ಬರ್ತೀನಿ’ ಎಂದು ಹೇಳಿ ಹೊರಟುಬಿಡುವುದು, ಕೆಲಸ ನೋಡಿಕೊಳ್ಳುವುದು. ಆದರೆ ಒಂದು ಮಾತು ಹೇಳಿಟ್ಟು ಹೋಗುವುದು: ಒಳಗಿನವರು ‘ಹೂಂ’ ಅಂದ ಮೇಲೆ ಯಾರನ್ನಾದರೂ ಕಳಿಸಿ ನನಗೆ ತಿಳಿಸಿ. ಹಾಗೆ ತಿಳಿಸಲು ಬರುವ ತುಣುಕನ್ನು ನಾವೇ ಬರೆದು ಲೈಬ್ರರಿಯ ಕೈಗೆ ಕೊಡುತ್ತೇವೆ. ಕೊಂಡಿ ನಿಜವಾಗಿ ಮುಚ್ಚಿದಾಗ ಅದು ನಡೆಯುತ್ತದೆ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಮುಚ್ಚಿತು’ ಎಂದು ಬರೆಯುತ್ತದೆ. ಅಲ್ಲಿಯವರೆಗೆ ದೀಪ ಕೆಂಪಗೇ ಇರಬೇಕು. ಆಮೇಲೆ, ಆಮೇಲೆ ಮಾತ್ರ, ಇನ್ನೂ ಒಳಗಿದ್ದವರನ್ನು ಹೊಸ ಪಾಳಿಗೆ ಎಣಿಸಿಕೊಂಡು, ಹಳೆಯ ಪಾಳಿಯ ತಲೆಯೆಣಿಕೆಯನ್ನು ಸೊನ್ನೆ ಮಾಡಬೇಕು.

“ಮುಚ್ಚು ಅಂದ್ರ ಮುಚ್ಚಿತು ಅಂತಲ್ಲ ತಮ್ಮಾ,” ಅಂದರು. “ಕರೆದದ್ದು ತಿರುಗಿ ಬಂತು ಅಂದ್ರ ಅಷ್ಟ. ಹೇಳಿ ಬಂದೈತಿ. ಆಗಿಲ್ಲ. ಆ ಸೊನ್ನಿ ಎಲ್ಲಿ ಬರೀತಿ ನೋಡು. ಒಳಗ ಬರಿ. ಹೊರಗ ಬರದ್ರ ಒಳಗಿದ್ದಾವ ಹೋದ.”

ಇದನ್ನು ಅವರು ಇಷ್ಟು ಸ್ಪಷ್ಟವಾಗಿ ಹೇಳಿದರೇ? ಹೇಳಿದರೆಂದು ನನ್ನ ನೆನಪು. ಆದರೆ ಆಮೇಲೆ ನಡೆದದ್ದು ಗೊತ್ತಿರುವ ಮನಸ್ಸು ಹಿಂದಕ್ಕೆ ಹೋಗಿ ಅವರ ಬಾಯಲ್ಲಿ ಮಾತು ಇಟ್ಟಿರಬಹುದು. ಹೇಳಿದ್ದರೆ ನನಗೆ ನೆಪವೇ ಉಳಿಯುವುದಿಲ್ಲ, ಹೇಳದಿದ್ದರೆ ಒಂದಿಷ್ಟು ಉಳಿಯುತ್ತದೆ. ನನ್ನ ನೆನಪು ನನ್ನ ವಿರುದ್ಧವೇ ಸಾಕ್ಷಿ ಹೇಳುತ್ತಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ನಂಬಬಹುದೇ? ಗೊತ್ತಿಲ್ಲ.

ಆ ಸಂಜೆಯೇ ಬರೆದೆವು. ಒಂದೇ ಕೀಲಿಮಣೆ, ಇಬ್ಬರು. ಸ್ವಲ್ಪ ಹೊತ್ತು ಅವರು ಹೇಳುವರು, ನಾನು ಒತ್ತುವೆ. ಬೆರಳು ನೋಯುತ್ತವೆ ಎಂದರೆ ಅವರು ಕೂರುವರು, ನಾನು ಕಾಗದ ನೋಡಿ ಹೇಳುವೆ. ಹೊತ್ತು ಇಳಿಯತೊಡಗಿದಾಗ ಅವರು ಎದ್ದರು. ಜೈನರು, ಸೂರ್ಯ ಮುಳುಗುವ ಮೊದಲು ಊಟ ಮುಗಿಸಬೇಕು. ಯಾವ ಕೆಲಸವಿರಲಿ ಆ ಒಂದು ವಿಷಯದಲ್ಲಿ ಸಡಿಲಿಕೆಯಿಲ್ಲ. ಜುಗೂಳದ ತಮ್ಮ ಮನೆಯಿಂದ ತಂದ ಊಟದ ಡಬ್ಬಿ ಹಿಡಿದು, ನೀರು ಸೋಸಲು ತಮ್ಮದೇ ಬಿಳಿ ಬಟ್ಟೆ ಕಟ್ಟಿದ ನಳದ ಕಡೆಗೆ ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು ‘ಬರ್ತೀನಿ’ ಅಂದರು. ನಾನು ಪರದೆ ನೋಡುತ್ತಲೇ ‘ಹೂಂ’ ಅಂದೆ.

ಅವರು ಒದ್ದೆ ಕೈ ಒರೆಸಿಕೊಳ್ಳುತ್ತ ತಿರುಗಿ ಬಂದಾಗ ಬರವಣಿಗೆ ಮುಗಿದಿತ್ತು. ಓಡಿಸಿ ನೋಡಿದೆವು. ಮುಚ್ಚು ಎಂದೊಡನೆ ಕೀಲಿಮಣೆ ಜೀವಂತ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ‘ಮುಚ್ಚಿತು’. ಚೆನ್ನಾಗಿತ್ತು. ಅವರು ನನ್ನ ಬೆನ್ನು ತಟ್ಟಿದರು.

ಸೊನ್ನೆ ಮಾಡುವ ಸಾಲು ಇರಬೇಕಾದ ಜಾಗಕ್ಕಿಂತ ಎಂಟು ಸಾಲು ಮೇಲಿತ್ತು. ಮುಚ್ಚು ಎಂದು ಹೇಳಿದ ಸಾಲಿನ ಕೆಳಗೇ, ಉತ್ತರ ತರುವ ತುಣುಕಿನ ಹೊರಗೆ. ಆ ಸಾಲು ಅವರು ಊಟಕ್ಕೆ ಹೋಗುವ ಮೊದಲು ಬಂತೋ, ಹೋದ ಮೇಲೆ ಬಂತೋ. ಅಂದು ನಮಗೆ ಅದು ಕಾಣಲೇ ಇಲ್ಲ.

ಹದಿನೈದು ದಿನದೊಳಗೆ ಜನ ದೆವ್ವದ ಮಾತಾಡತೊಡಗಿದರು. ಗುಂಡಿಯಲ್ಲಿ ಯಾರೂ ಇಲ್ಲ, ದೀಪ ಮಾತ್ರ ಕೆಂಪು. ಪರದೆಯ ಮೇಲೆ ‘ಒಳಗೆ ೧’. ಮೊದಲ ಸಲ ಇಬ್ಬರು ಟಾರ್ಚು ಹಿಡಿದು ಇಳಿದು ಹುಡುಕಿದರು. ಎರಡನೆಯ ಸಲ ನಕ್ಕರು. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ನಾಲ್ಕಕ್ಕೆ, ಯಾವಾಗಲೂ ಪಾಳಿ ಬದಲಾದ ಮೇಲೆ. ಹಿಂದೆಂದೋ ಗುಂಡಿಯಲ್ಲಿ ಸತ್ತ ಒಬ್ಬನ ಹೆಸರನ್ನು ಯಾರೋ ಹಿಡಿದೆಳೆದರು. ರಾವಸಾಬ ಕ್ಯಾಬಿನ್ನಿನ ದೀಪಕ್ಕೆ ಊದಿನಕಡ್ಡಿ ಹಚ್ಚಿದ.

“ಬರ್ರಿ ಮಾಸ್ತರ, ನಿಮ್ಮ ಮಿಷನ್ನಿಗೆ ಸತ್ತಾವ್ರೂ ಕಾಣಾಕತ್ಯಾರ,” ಅಂದ.

ಎಲ್ಲರೂ ನಕ್ಕರು. ಅವರು ಅಲ್ಲಿಯೇ ಒಂದು ಕುರ್ಚಿಯ ತುದಿಗೆ ಕೂತರು. ಮುಖ ಬಿಳಿಚಿತ್ತು ಎಂದು ಬರೆಯಲು ಹೊರಟೆ. ಅದು ಸುಳ್ಳು. ಮುಖ ನನಗೆ ನೆನಪಿಲ್ಲ. ಅವರು ಕೈಯಲ್ಲಿದ್ದ ಪೆನ್ನಿನ ಟೊಪ್ಪಿಗೆ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದುದು ನೆನಪಿದೆ.

“ಇಲ್ಲದಾವ್ರನ್ನ ಅದಾರ ಅಂದ್ರ ಅಡ್ಡಿ ಇಲ್ಲ ರಾವಸಾಬ,” ಅಂದರು. “ಇದ್ದಾವ್ರನ್ನ ಇಲ್ಲ ಅಂದ್ರ?”

ಸಂದೇಶ ತಡವಾಗಿ ಬರುತ್ತಿದೆ ಎಂದು ಅವರಿಗೆ ಅಲ್ಲಿಯೇ ಹೊಳೆದಿರಬೇಕು. ಒಬ್ಬ ಇಳಿದಿದ್ದಾನೆ, ಆ ಸುದ್ದಿ ಹಳೆಯ ಕೊಂಡಿಯಲ್ಲಿ ಇನ್ನೂ ದಾರಿಯಲ್ಲಿದೆ. ಅವನು ಮೇಲೆ ಬಂದ ಸುದ್ದಿ ಹೊಸ ಕೊಂಡಿಯಿಂದ ಮೊದಲೇ ಮುಟ್ಟಿದೆ. ಆಮೇಲೆ ಹಳೆಯದು ಬಂದು ಬಾಗಿಲು ತಟ್ಟುತ್ತದೆ. ಬಂದು ಹೋದವನು ಮತ್ತೆ ಒಳಗಿದ್ದಾನೆ ಎನ್ನುತ್ತದೆ. ಅದು ದೆವ್ವವಲ್ಲ, ಹಿಂದೆ ಬಿದ್ದ ಮಾತು. ಆದರೆ ಆ ಮಾತು ದಾರಿಯಲ್ಲಿರುವಷ್ಟು ಹೊತ್ತು ದೀಪ ಏನು ತೋರಿಸುತ್ತಿರುತ್ತದೆ? ತಲೆಯೆಣಿಕೆ ಸೊನ್ನೆಯಾಗದಿದ್ದರೆ ಕೆಂಪನ್ನೇ ತೋರಿಸಬೇಕು. ಸೊನ್ನೆಯಾಗಿದ್ದರೆ?

ಒಂದು ಪಾಳಿ ಗಾಣ ನಿಲ್ಲಿಸಿ ನೋಡಲು ಬಿಡಿ ಎಂದು ಅವರು ಕೇಳಿದರು. ಕಬ್ಬಿನ ಗಾಡಿಗಳ ಸಾಲು ರಾಯಬಾಗದ ರಸ್ತೆಯವರೆಗೆ ನಿಂತಿತ್ತು. ಬಿಸಿಲಿಗೆ ಕಬ್ಬು ಒಣಗುತ್ತಿತ್ತು. ದೆವ್ವಕ್ಕಾಗಿ ಗಾಣ ನಿಲ್ಲಿಸುವವರು ಯಾರು? ಕಬ್ಬು ಅರೆಯುವ ಹಂಗಾಮು ಮುಗಿಯಲಿ, ಅಂದರು ಸಾಹೇಬರು.

ಆಗ ಅವರು ಹಳೆಯ ಚಪ್ಪಲಿಗೆ ಹೋದರು. “ದೀಪಾ ನೋಡ್ರಿ, ಆಮ್ಯಾಲೆ ಕಾಲ್ಮರಿ ನೋಡ್ರಿ, ಆಮ್ಯಾಲೆ ಬಟನ್,” ಎಂದು ಪ್ರತಿಯೊಬ್ಬರಿಗೂ ಹೇಳಿದರು. ಆದರೆ ಅದೇ ಹಂಗಾಮಿಗೆ ಎಲ್ಲರಿಗೂ ಬೂಟು ಕೊಟ್ಟಿದ್ದರು, ಸುರಕ್ಷತೆಗೆಂದು. ಬೂಟು ಕಾಲಲ್ಲೇ ಗುಂಡಿಗೆ ಇಳಿಯುತ್ತದೆ. ಏಣಿಯ ತಲೆ ಖಾಲಿ. ಕ್ಯಾಬಿನ್ನಿನವರು ಕಿಟಕಿಯಿಂದ ನೋಡುವುದನ್ನೇ ಬಿಟ್ಟಿದ್ದರು, ನೋಡಲು ಅಲ್ಲಿ ಏನೂ ಇರುತ್ತಿರಲಿಲ್ಲ. ಮಾಸ್ತರರು ಟೊಪ್ಪಿಗೆ ಇಟ್ಟು ಇಳಿಯಿರಿ ಎಂದು ಬೇಡಿಕೊಂಡರು. ನಾಲ್ಕು ದಿನ ಇಟ್ಟರು. ಒಬ್ಬನ ಟೊಪ್ಪಿಗೆ ಕಳೆಯಿತು, ಬಿಟ್ಟರು.

ಬೂಟು ಹಾಕದವನು ದಸ್ತಗೀರ ಒಬ್ಬನೇ. ಹಿಮ್ಮಡಿ ಒಡೆದು ಬೂಟಿನಲ್ಲಿ ಕಾಲು ಇಡಲು ಆಗುತ್ತಿರಲಿಲ್ಲ. ಅಥಣಿಯ ಚರ್ಮದ ಚಪ್ಪಲಿ, ದಪ್ಪ ಅಟ್ಟೆ, ನಡೆದರೆ ಕಿರ್ ಅನ್ನುವುದು. ಸಾಹೇಬರು ಬಂದಾಗ ಅವನು ಮರೆಯಾಗುತ್ತಿದ್ದ. ಮಾಸ್ತರರು ಮಾತ್ರ ಅವನನ್ನು ಕಂಡಾಗಲೆಲ್ಲ, “ನೀ ಒಬ್ಬಾವ ಶಾಣ್ಯಾ,” ಎನ್ನುತ್ತಿದ್ದರು.

ಆ ದಿನಕ್ಕೆ ಬರುತ್ತೇನೆ. ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ನಡೆಸಿದ್ದೇನೆಂದರೆ ಇದರ ಅಂಚುಗಳೆಲ್ಲ ಸವೆದಿವೆ. ಮಧ್ಯಾಹ್ನ ನಾಲ್ಕಕ್ಕೆ ಐದು ಹತ್ತು ನಿಮಿಷ ಇತ್ತು. ಪಟ್ಟಿ ಸಿಕ್ಕಿಕೊಂಡು ನಿಂತಿತ್ತು, ಅಂದರೆ ಅಪರೂಪದ ನಿಶ್ಶಬ್ದ. ನಾವಿಬ್ಬರೂ ಕಂಪ್ಯೂಟರ್ ಖೋಲಿಯಲ್ಲಿ. ಅವರು ಪ್ರೋಗ್ರಾಮನ್ನು ಉದ್ದ ಕಾಗದದ ಮೇಲೆ ಮುದ್ರಿಸಿ ನೆಲದ ಮೇಲೆ ಹರವಿಕೊಂಡು ಮೊಣಕಾಲ ಮೇಲೆ ಕೂತು ಓದುತ್ತಿದ್ದರು. ಪ್ರತಿ ಸಾಲಿಗೂ ಬೆರಳು. ನಾನು ಕುರ್ಚಿಯಲ್ಲಿ. ಮೇಜಿನ ಮೇಲೆ ಸೋಸಿದ ನೀರಿನ ಅವರ ಲೋಟ.

ಭೋಂಗಾ ಆಯಿತು. ಪರದೆಯ ಮೇಲೆ ಮುಚ್ಚುವ ಆಜ್ಞೆ ಹೋದದ್ದು ಕಾಣಿಸಿತು. ‘ಮುಚ್ಚಿತು’ ಇನ್ನೂ ಬಂದಿರಲಿಲ್ಲ.

ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಸರಿದು ಹೋಗಿ ಮತ್ತೆ ಅಲ್ಲಿಗೇ ಬಂತು. ತಲೆ ಎತ್ತಿ ನನ್ನ ಕಡೆ ನೋಡಿ, “ತಮ್ಮಾ, ಇದನ್ನ ಇಲ್ಲಿ ಯಾರು” ಅಂದರು.

ಅಷ್ಟೇ. ಲೋಟದ ನೀರು ನಡುಗಿತು. ಕ್ಯಾರಿಯರ್ ಶುರುವಾದಾಗ ನೆಲ ಅದುರುತ್ತಿತ್ತು, ಅದು ನಮಗೆ ರೂಢಿ. ಅವರು ಪರದೆ ನೋಡಿದರು. ‘ಮುಚ್ಚಿತು’ ಬಂದಿಲ್ಲ, ಪಟ್ಟಿ ಹೊರಟಿದೆ. ಕಾಗದವನ್ನು ತುಳಿದುಕೊಂಡೇ ಓಡಿದರು. ಐವತ್ತು ದಾಟಿದ ಮನುಷ್ಯ ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ಏಣಿಯ ಹತ್ತಿರ ಅವರು ಕೂಗಿದ್ದು ದಸ್ತಗೀರನ ಹೆಸರನ್ನು. ಗುಂಡಿಯಲ್ಲಿ ಯಾರಿದ್ದಾರೆಂದು ಹೇಗೆ ಗೊತ್ತಾಯಿತು ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಏಣಿಯ ತಲೆಗೆ ಚಪ್ಪಲಿ ಇದ್ದವು. ಅಥಣಿಯ ಚರ್ಮದವು, ಜೋಡಿಯಾಗಿ, ಒಂದರ ಪಕ್ಕ ಒಂದು.

ಅವರು ಪಟ್ಟಿ ನಿಲ್ಲಿಸುವ ಹಗ್ಗಕ್ಕೆ ಜೋತುಬಿದ್ದರು. ಪಟ್ಟಿ ನಿಂತಿತು. ದಸ್ತಗೀರ ಬ್ಲೇಡಿನವರೆಗೆ ಹೋಗಲಿಲ್ಲ, ಆದರೆ ಅವನ ಎಡಗಾಲು ಪಟ್ಟಿಯ ಸಂದಿಗೆ ಸಿಕ್ಕಿತ್ತು. ನಾನು ಕ್ಯಾಬಿನ್ನಿಗೆ ಓಡಿದೆ. ರಾವಸಾಬ ಎರಡೂ ಕೈಯನ್ನು ಗಾಳಿಯಲ್ಲಿ ಎತ್ತಿ ನಿಂತಿದ್ದ, ಯಾವುದನ್ನೂ ಮುಟ್ಟಬಾರದೆಂಬಂತೆ. ಅವನ ಮುಂದೆ ದೀಪ ಕೆಂಪಗೆ ಉರಿಯುತ್ತಿತ್ತು. ದಸ್ತಗೀರ ಒಳಗಿದ್ದಾನೆ ಎಂಬ ಸಂದೇಶ ಹಳೆಯ ಕೊಂಡಿಯಿಂದ ಆಗಷ್ಟೇ ಮುಟ್ಟಿತ್ತು, ಅಲ್ಲಿಯವರೆಗೆ ಇದ್ದದ್ದು ಸೊನ್ನೆಯ ಹಸಿರು.

ತಿರುಗಿ ಖೋಲಿಗೆ ಬಂದಾಗ ಪರದೆಯ ಮೇಲೆ ‘ಮುಚ್ಚಿತು’ ಎಂದು ಬಂದಿತ್ತು.

ದಸ್ತಗೀರ ಬದುಕಿದ. ಎಡಗಾಲನ್ನು ಗಿಣ್ಣಿನ ಮೇಲಿಂದ ಕತ್ತರಿಸಬೇಕಾಯಿತು. ಚಿಕ್ಕೋಡಿಯಲ್ಲಿ ಆಗದೆಂದು ಮಿರಜಿಗೆ ಒಯ್ದರು. ಆಸ್ಪತ್ರೆಯಲ್ಲಿ ನೋಡಲು ಹೋದ ಮಾಸ್ತರರಿಗೆ ಅವನೇ, “ಇನ್ನ ಮ್ಯಾಲೆ ನನಗ ಒಂದ ಜೋಡಿ ಕಾಲ್ಮರಿ ಎರಡ ಪಟ್ಟ ಬಾಳ್ತಾವ ಮಾಸ್ತರ,” ಅಂದನಂತೆ. ನಾನು ಹೋಗಲಿಲ್ಲ. ಕೇಳಿದ ಮಾತು.

ವಿಚಾರಣೆ ಮ್ಯಾನೇಜರರ ಬಂಗಲೆಯ ಪಡಸಾಲೆಯಲ್ಲಿ ನಡೆಯಿತು. ಮೂವರು ಕೂತಿದ್ದರು. ಮೊದಲು ರಾವಸಾಬನನ್ನು ಕರೆದರು. ಅವನು ಹಸಿರು ಅಂದ. ಅವನ ಕೆಲಸ ಹೋಗುವುದರಲ್ಲಿತ್ತು. ಆಮೇಲೆ ನಮ್ಮಿಬ್ಬರನ್ನೂ ಒಟ್ಟಿಗೆ ಕರೆದರು. ದೀಪಕ್ಕೆ ಹಸಿರು ತೋರಿಸು ಎಂದವರು ಯಾರು, ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು.

ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆನೆಂದು ಈಗ ಹೇಳಿದರೆ ಅದು ಕತೆಯಾಗುತ್ತದೆ. ಅಷ್ಟರಲ್ಲಿ ಅವರು, “ರಾವಸಾಬಂದು ತಪ್ಪಿಲ್ರಿ. ಹಸಿರ ಇತ್ತು. ಆ ಸಾಲು ನಂದು,” ಅಂದರು.

“ನಿಮ್ಮ ಕೈಯಾರ ಬರದದ್ದೇನು?”

“ಹೂಂನ್ರಿ.”

“ಇವರೇನು ಮಾಡ್ತಿದ್ರು?” ನನ್ನ ಕಡೆ ಬೆರಳು.

“ಬಾಜೂಕ ಇದ್ರು.”

ನಾನು ತೆರೆದ ಬಾಯಿ ಮುಚ್ಚಿದೆ. ಯಾರೂ ನನ್ನನ್ನು ಮತ್ತೇನೂ ಕೇಳಲಿಲ್ಲ. ರಾವಸಾಬನ ಕೆಲಸ ಉಳಿಯಿತು, ನನ್ನದೂ ಉಳಿಯಿತು.

ನೆಲದ ಮೇಲೆ ಹರವಿದ್ದ ಆ ಕಾಗದದಲ್ಲಿ ಬೂಟಿನ, ಬರಿಗಾಲಿನ ಗುರುತು ಬಿದ್ದು ಹರಿದಿತ್ತು. ಯಾರೋ ಗುಡಿಸಿ ಹೊರಹಾಕಿದರು. ಸರಿಪಡಿಸಿದ ಪ್ರೋಗ್ರಾಮು ಹಳೆಯದರ ಮೇಲೆಯೇ ಕೂತಿತು. ಸಾಲನ್ನು ಎಂಟು ಸಾಲು ಕೆಳಗೆ, ಉತ್ತರ ತರುವ ತುಣುಕಿನೊಳಗೆ ಇಟ್ಟವನು ನಾನು. ಇದರಲ್ಲಿ ಅನುಮಾನವಿಲ್ಲ, ಒಬ್ಬನೇ ಇದ್ದೆ.

ಅವರು ಹೊರಟ ದಿನ ಖೋಲಿಯ ಬಾಗಿಲಲ್ಲಿ ನಿಂತು ‘ಬರ್ತೀನಿ ತಮ್ಮಾ’ ಅಂದರು. ನನ್ನ ಉತ್ತರಕ್ಕೆ ಕಾಯದೆ ಇಳಿದು ಹೋದರು ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬಲು ಸುಲಭವಾಗಿತ್ತು, ಇಂಥ ಬರಹಕ್ಕೆ ಹೊಂದುತ್ತದೆ ಕೂಡ. ಈಗ ಅನಿಸುತ್ತದೆ, ಅವರು ಎಂದಿನಂತೆ ನಿಂತೇ ಇದ್ದರು, ನಾನೇ ಏನೂ ಅನ್ನಲಿಲ್ಲ. ಎರಡನೆಯದು ನಿಜವಾಗಿದ್ದರೆ ಅವರು ಎಷ್ಟು ಹೊತ್ತು ನಿಂತಿದ್ದರೋ.

ಆಮೇಲೆ ಅವರು ಅಥಣಿಯಲ್ಲಿ ಹುಡುಗರಿಗೆ ಗಣಿತ ಹೇಳಿಕೊಡುತ್ತಿದ್ದರು ಎಂದು ಕೇಳಿದೆ. ನಾನು ಒಮ್ಮೆಯೂ ಹೋಗಲಿಲ್ಲ. ಬಸ್ಸು ಅಥಣಿಯಲ್ಲಿ ನಿಂತಾಗ ಕೆಳಗಿಳಿದು ಚಹಾ ಕುಡಿದು ಮತ್ತೆ ಹತ್ತಿದ್ದಿದೆ.

ತೀರಿಕೊಂಡ ಸುದ್ದಿ ಬಂದ ಮೇಲೆ, ಎಂಟು ದಿನ ಬಿಟ್ಟು, ದಿಗ್ಗೇವಾಡಿಗೆ ಹೋದೆ. ದಸ್ತಗೀರ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾನೆ. ಗಡ್ಡ ಬೆಳ್ಳಗಾಗಿದೆ, ಹುಬ್ಬಿನ ಮೇಲೆ ಜೋಳದ ಹಿಟ್ಟು. ಗಿರಣಿ ಶುರು ಮಾಡುವ ಮೊದಲು ಅವನು ಊರುಗೋಲು ಹಿಡಿದು ಯಂತ್ರವನ್ನು ಒಂದು ಸುತ್ತು ಹಾಕಿದ. ಆಮೇಲೆ ಬಾಗಿಲ ಕಡೆ ತಿರುಗಿ, “ಹಾಕ್ಲೇನು?” ಎಂದು ಕೂಗಿದ. ಹೊರಗೆ ಕೂತಿದ್ದ ಮುದುಕಿ, “ಹಾಕೋ ಮಾರಾಯಾ,” ಅಂದಳು. ಆಗ ಬಟನ್ ಒತ್ತಿದ.

ಗಿರಣಿ ನಿಂತ ಮೇಲೆ ಮಾತಾಡಿದೆವು.

“ಮಾಸ್ತರು ಹೋದ್ರಂತ,” ಅಂದೆ.

“ಗೊತ್ತೈತ್ರಿ. ಅವತ್ತ ಹೋಗಿ ಬಂದ್ನಿ. ನೀವ್ ಕಾಣ್ಲಿಲ್ಲ.”

ನಾನು ಕಟ್ಟೆಯ ಮೇಲಿನ ಹಿಟ್ಟು ಒರೆಸಿ ಕೂತೆ.

“ವರ್ಷಾ ಬರ್ತಿದ್ರು ಇಲ್ಲಿ,” ಅಂದ. “ಬಂದು ಕುಂದರತಿದ್ರು. ನೀರು ಸೈತ ತಮ್ದ ತರ್ತಿದ್ರು, ಸೋಸಿದ್ದು. ನಮ್ಮ ಮನ್ಯಾಕಿ ಸಿಟ್ಟಾಗ್ತಿದ್ಲು. ಹೊತ್ತು ಮುಣಗೂ ಮುಂಚೆ ಹೋಗ್ಬೇಕಂತ ಎದ್ದ ಬಿಡ್ತಿದ್ರು.”

“ಆ ಸಾಲಿನ ಮಾತು ಏನಾರ ತಗದಿದ್ರೇನು? ಯಾರು ಬರದದ್ದು ಅಂತ?”

“ಇಲ್ರಿ. ನಾನೂ ಕೇಳ್ಲಿಲ್ಲ. ಯಾರ್ ಬರದ್ರ ಏನ್ರಿ, ಕಾಲು ಬರ್ತೈತೇನು?” ಹಿಟ್ಟು ಮೆತ್ತಿದ ಕೈಯನ್ನು ತೊಡೆಗೆ ಒರೆಸಿಕೊಂಡ. “ಒಂದ ಮಾತು ಕೇಳ್ತಿದ್ರು. ಹ್ವಾದ ವರ್ಷಾನೂ ಕೇಳಿದ್ರು. ನಮ್ಮ ತಮ್ಮ ಬಂದ್ಹೋದ್ನೇನು, ಅಂತ.”

“ನೀ ಏನಂತಿದ್ದಿ?”

“ಇನ್ನೂ ಇಲ್ರಿ, ಅಂತಿದ್ನಿ. ಹೂಂ, ಅಂತಿದ್ರು.”

ಹೊರಗಿನ ಮುದುಕಿ ತನ್ನ ಹಿಟ್ಟಿನ ಬುಟ್ಟಿ ಎತ್ತಿಕೊಂಡು ಹೋದಳು. ನಾನು ಎದ್ದು ‘ಬರ್ತೀನಿ’ ಅಂದೆ. ದಸ್ತಗೀರ ಗಿರಣಿಯ ಕಲ್ಲು ನೋಡಲು ಬಗ್ಗಿದ್ದ. ಬಾಗಿಲಲ್ಲಿ ನಿಂತೆ. ಅವನಿಗೆ ಕೇಳಿಸಿತೋ ಇಲ್ಲವೋ, ಸ್ವಲ್ಪ ಹೊತ್ತು ನಿಂತು ಇಳಿದೆ.

ಆ ಸಾಲನ್ನು ಅಲ್ಲಿ ಬರೆದವನು ನಾನೇ ಇರಬೇಕು. ಇರಬೇಕು ಎಂಬುದರ ಆಚೆ ನನಗೆ ಗೊತ್ತಿಲ್ಲ. ಬೆರಳು ನಿಂತಾಗ ಅವರು ಕೇಳಲು ಹೊರಟದ್ದು ನಿಜವಾಗಿ ಅದನ್ನೇ ಎಂಬುದೂ ಗೊತ್ತಿಲ್ಲ. ಪಡಸಾಲೆಯಲ್ಲಿ ಅವರು ಸುಳ್ಳು ಹೇಳಿದರೋ, ನಿಜ ಹೇಳಿದರೋ, ಅವರಿಗೂ ನನ್ನಂತೆಯೇ ನೆನಪಿರಲಿಲ್ಲವೋ, ಅದೂ ಗೊತ್ತಿಲ್ಲ.